ಏಳೆಲೆಯ ಚಿಗುರು

ಪಕ್ಕದ ಮನೆಯ ಗೇಟು ಕಿರ್ರೆಂದದ್ದೇ ತಡ, ನಾನು ಹೊಲಿಗೆ ಮಷೀನಿನ ಹಿಂದೆ ಅವಿತುಕೊಂಡೆ. ಇಡೀ ಬೀದಿಯವರ ಅಳತೆ ತೆಗೆಯುವ ಟೈಲರ್ ನಾನು!

“ಬಂದ್ರು ಕಣೇ ನಿನ್ನ ಗಡಿಯಾರದವರು,” ಅಂದಳು ಕಿಟಕಿಯಲ್ಲಿದ್ದ ಅಕ್ಕ. “ಆರು ವಾರ ಫೋಟೊ ಕಳಿಸಿದ್ದೇ ಕಳಿಸಿದ್ದು. ಈಗ ಆಳೇ ಬಂದ್ರೆ ಮೂಲೆ ಹಿಡ್ಕೊಂಡು ಕೂತಿದ್ದೀಯ!”

“ಸುಮ್ನಿರೇ ಅಕ್ಕಾ.”

ಅವರು ಗಡಿಯಾರ ರಿಪೇರಿ ಮಾಡುವವರು. ಕೆಲಸದ ಮೇಲೆ ಬೇರೆ ಊರಿಗೆ ಹೊರಟಾಗ ಹಿತ್ತಲ ತೋಟದ ಕೀಯನ್ನು ನನಗೆ ಕೊಟ್ಟಿದ್ದರು. ತೀರಿಹೋದ ಅವರಮ್ಮ ಕೈಯಾರೆ ಕಸಿ ಕಟ್ಟಿದ ಹಳದಿ ಗುಲಾಬಿ ಅಲ್ಲಿತ್ತು.

“ಚಳಿ ಬಿಡ್ತಿದ್ದ ಹಾಗೇ ಕೊಂಬೆ ಕತ್ತರಿಸ್ಬೇಕು. ನಿಮಗೆ ಬರುತ್ತಾ?” ಅಂತ ಆಗ ಕೇಳಿದ್ದರು.

“ದಿನಾ ಕತ್ತರಿ ಹಿಡಿಯೋ ಕೈ ಇದು. ಗಿಡ ಯಾವ ಲೆಕ್ಕ!”

ಬರಲ್ಲ ಅಂದಿದ್ದರೆ ಕೀ ಇನ್ಯಾರ ಪಾಲಾಗುತ್ತಿತ್ತೋ.

ಒಣಗಿದಂತೆ ಕಂಡ ಕೊಂಬೆಗಳನ್ನೆಲ್ಲ ಬುಡದವರೆಗೆ ಸವರಿಬಿಟ್ಟೆ. ಬುಡದಿಂದ ಸರಸರ ಎದ್ದಿದ್ದ ಹಸಿರು ಚಿಗುರುಗಳನ್ನು ಉಳಿಸಿದೆ. ದಿನಕ್ಕೊಂದು ಫೋಟೊ. “ಇವತ್ತು ಒಂದು ಗೇಣು, ನೋಡಿ!” ಅವರಿಂದೊಂದು ನಗುಮುಖ. ಆಮೇಲೆ “ಊಟ ಆಯ್ತಾ?” ಆಮೇಲೆ ಅರ್ಧ ಗಂಟೆ ಮಾತು.

ನಿನ್ನೆ ಗೊಬ್ಬರ ತರಲು ಹೋದಾಗ ಅದೇ ಫೋಟೊ ನೋಡಿ ನರ್ಸರಿಯಾಕೆ ಹಣೆ ಚಚ್ಚಿಕೊಂಡಳು. “ಒಂದೊಂದು ಕಡ್ಡಿಗೂ ಏಳೆಲೆ ಇದೆಯಲ್ಲಮ್ಮ, ಕಸಿ ಗುಲಾಬಿಗಾದ್ರೆ ಐದೇ! ಇದು ಕಸಿಯ ಕೆಳಗಿನ ಕಾಡು ಬೇರಿನ ಚಿಗುರು. ಅಸಲಿ ಗುಲಾಬೀನ ನೀವೇ ಕತ್ತರಿಸಿ ಎಸೆದಿದ್ದೀರಿ, ತಾಯಿ!”

ಕತ್ತರಿಸಿದ್ದೆಲ್ಲ ಎಂದೋ ಕಸದ ಗಾಡಿ ಹತ್ತಿ ಹೋಗಿತ್ತು.

ಎಷ್ಟು ಹೊತ್ತು ಅಂತ ಅವಿತಿರಲಿ? ಎದ್ದು ಹೋದೆ. ಅವರು ಬೂಟು ಕೂಡ ಬಿಚ್ಚದೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೀ ಹಿಡಿದ ಕೈ ಚಾಚಿದೆ.

“ತಗೊಳ್ಳಿ. ನಂಗೆ ಈ ಕೆಲಸ ಬರಲ್ಲ. ಬರುತ್ತೆ ಅಂತ ಸುಳ್ಳು ಹೇಳ್ದೆ. ನಿಮ್ಮಮ್ಮನ ಗಿಡಾನ ನಾನೇ ಹಾಳು ಮಾಡ್ದೆ.”

“ಗೊತ್ತು,” ಅಂದರು, ತಲೆ ಎತ್ತದೆ.

“ಯಾವಾಗಿಂದ?”

“ಎರಡನೇ ಫೋಟೊದಿಂದ.”

ನನಗೆ ಸರ್ರನೆ ಸಿಟ್ಟು ಬಂತು. “ಮತ್ತೆ ಬಾಯಿ ಬಿಡೋಕೇನಾಗಿತ್ತು? ಆಗಿನ್ನೂ ಕತ್ತರಿಸಿದ ಕಡ್ಡಿಗಳು ಮೂಲೇಲೇ ಬಿದ್ದಿದ್ವು! ಒಂದನ್ನಾದ್ರೂ ನೆಟ್ಟು ಉಳಿಸ್ಬಹುದಿತ್ತು.”

“ಹೌದು. ಉಳಿಸ್ಬಹುದಿತ್ತು.” ಅವರ ಕಿವಿಗಳು ಕೆಂಪೇರಿದ್ದವು. “ಹೇಳಿದ್ರೆ ನೀವು ನಾಚ್ಕೊಂಡು ಫೋಟೊ ನಿಲ್ಲಿಸಿಬಿಡ್ತಿದ್ರಿ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ಅಮ್ಮನ ಗಿಡಕ್ಕಿಂತ ಆ ಅರ್ಧ ಗಂಟೆ ಹೆಚ್ಚಾಯ್ತು ನಂಗೆ. ಈಗ ಇಲ್ಲಿ ಕೂತು ಅಮ್ಮಂಗೆ ಅದನ್ನೇ ಹೇಳಿ ತಪ್ಪು ಒಪ್ಕೊಳ್ತಾ ಇದ್ದೆ.”

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ಪಕ್ಕಪಕ್ಕ ಕೂತೆವು.

“ಇದು ಯಾವ ಬಣ್ಣದ ಹೂ ಬಿಡುತ್ತೆ?” ಕೊನೆಗೆ ನಾನೇ ಕೇಳಿದೆ.

“ಗೊತ್ತಿಲ್ಲ. ಅಮ್ಮ ಬುಡದ ಚಿಗುರನ್ನ ಯಾವತ್ತೂ ಬೆಳೆಯೋಕೆ ಬಿಟ್ಟೋರಲ್ಲ.”

ನಾನು ಮತ್ತೆ ಕೀ ಮುಂದೆ ಮಾಡಿದೆ. ಅವರು ತೆಗೆದುಕೊಳ್ಳಲಿಲ್ಲ. ನನ್ನ ಬೆರಳುಗಳನ್ನು ಅದರ ಮೇಲೆ ಒಂದೊಂದಾಗಿ ಮಡಚಿದರು.

“ಹೂ ಬಿಡೋವರೆಗೂ ನಿಮ್ಮ ಹತ್ರಾನೇ ಇರ್ಲಿ. ಆಮೇಲೂ ಇರ್ಲಿ.”

ಆ ಗಿಡದ ಮುಂದೆ ತಲೆ ಎತ್ತಲು ಇಬ್ಬರಿಗೂ ಆಗಲಿಲ್ಲ. ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ.