ಹಣೆಯ ಮೇಲಿನ ಹೊಲಿಗೆ

ಯಂತ್ರ ಇನ್ನೂ ತಿರುಗುತ್ತಿತ್ತು.

ನಮ್ಮ ಟಾರ್ಬೆಲ್ ಊರಿನ ಬೇಸ್‌ಬಾಲ್ ಮೈದಾನದ ಹಿಂದೆ ಉದ್ದನೆಯ ತಗಡಿನ ಶೆಡ್ಡೊಂದಿದೆ. ತಂಡದ ಹುಡುಗರು ಬ್ಯಾಟಿಂಗ್ ಅಭ್ಯಾಸ ಮಾಡುವುದು ಅಲ್ಲೇ. ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಬಕ್ ಟಾಲಿವರ್ ಬಾಗಿಲು ತಳ್ಳಿದಾಗ ಒಳಗೆ ದೀಪ ಉರಿಯುತ್ತಿತ್ತು. ಚೆಂಡೆಸೆಯುವ ಯಂತ್ರದ ಚಕ್ರಗಳು ಖಾಲಿಯಾಗಿ ಗಿರಗಿರ ತಿರುಗುತ್ತಿದ್ದವು. ನೆಲದ ತುಂಬ ಚೆಂಡುಗಳು. ಎದುರು ತುದಿಯಲ್ಲಿ, ತಾನು ಕೂರುತ್ತಿದ್ದ, ಈಗ ಉರುಳಿಬಿದ್ದ ಬಕೆಟ್ಟಿನ ಪಕ್ಕ, ಹಾರ್ಲನ್ ವೈಸ್ ಅಂಗಾತ ಬಿದ್ದಿದ್ದ. ಕಾಫಿ ಚೆಲ್ಲಿ ಹರಿದಿತ್ತು. ಕಣ್ಣು ತೆರೆದೇ ಇತ್ತು.

ಹಾರ್ಲನ್ ದೊಡ್ಡ ತಂಡದ ಕಡೆಯ ಮನುಷ್ಯ. ನಮ್ಮಂಥ ಸಣ್ಣ ಊರಿನ ತಂಡಗಳಲ್ಲಿ ಬೆಳೆಯುವ ಹುಡುಗರನ್ನು ಅಳೆದು ತೂಗುವುದು ಅವನ ಕೆಲಸ. ತೋಳಿಗೆ ಅಂಕ, ಕಾಲಿಗೆ ಅಂಕ, ಕಣ್ಣಿಗೆ ಅಂಕ. ಯಾರು ಮೇಲಿನ ಹಂತಕ್ಕೆ ಹೋಗಬೇಕು, ಯಾರು ಗಂಟುಮೂಟೆ ಕಟ್ಟಬೇಕು ಎಂಬುದು ಅವನ ನಾಲಿಗೆಯ ತುದಿಯಲ್ಲಿತ್ತು. ಹಾಗಾಗಿ ಅವನನ್ನು ಕಂಡರೆ ಹುಡುಗರಿಗೆ ನಡುಕ. ಪ್ರೀತಿ ಯಾರಿಗೂ ಇರಲಿಲ್ಲ.

ಕೌಂಟಿಯ ಡಿಟೆಕ್ಟಿವ್ ಒಡೆಸ್ಸಾ ಗ್ರೇಡಿ ಬಂದಾಗ ಅವಳ ಸಹಾಯಕ ಕೋಲ್ಬಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ.

"ಆ್ಯಕ್ಸಿಡೆಂಟ್ ಮೇಡಂ. ಯಾರೋ ಯಂತ್ರ ಆಫ್ ಮಾಡೋದು ಮರೆತಿದ್ದಾರೆ. ಈತ ಅಡ್ಡ ಕೂತಿದ್ದಾನೆ. ಚೆಂಡು ಬಂದು ತಲೆಗೆ ಬಡಿದಿದೆ."

ಒಡೆಸ್ಸಾ ಹೆಣದ ಪಕ್ಕ ಮಂಡಿಯೂರಿದಳು. ಕಣ್ಣಿನ ಮೇಲೆ, ಹಣೆ ಕಪ್ಪಗೆ ಕಂದಿತ್ತು. ಆ ಕಂದಿದ ಜಾಗದಲ್ಲಿ ಸಣ್ಣಸಣ್ಣ ಕೆಂಪು ಗೆರೆಗಳು, ಬಾಗಿದ ಸಾಲಾಗಿ ಮೂಡಿದ್ದವು; ಅಲ್ಲಲ್ಲಿ ರಕ್ತ ಜಿನುಗಿತ್ತು. ಅವಳು ನೆಲದ ಮೇಲಿದ್ದ ಚೆಂಡೊಂದನ್ನು ಕೈಗೆತ್ತಿಕೊಂಡಳು. ಗಟ್ಟಿ ಪ್ಲಾಸ್ಟಿಕ್. ಮೈಯೆಲ್ಲ ಸಣ್ಣ ಗುಳಿಗಳು.

"ಬಕ್, ಯಂತ್ರಕ್ಕೆ ಇದೇ ಚೆಂಡು ಹಾಕೋದಾ?"

"ಇದೇ. ಚರ್ಮದ ಚೆಂಡು ಹಾಕಿದ್ರೆ ಹೊಲಿಗೆ ಕಿತ್ತು ಹೋಗುತ್ತೆ."

"ಹಾಗಾದ್ರೆ ಇವನ ಹಣೆ ಮೇಲಿರೋದು ಯಾವ ಚೆಂಡಿನ ಹೊಲಿಗೆ?"

ಬಕ್ ಬಗ್ಗಿ ನೋಡಿದ. ಟೋಪಿ ತೆಗೆದ.

"ದೇವರೇ... ಇದನ್ನ ಯಾರೋ ಕೈಯಲ್ಲಿ ಎಸೆದಿದ್ದಾರೆ."

ಶೆಡ್ಡಿನಲ್ಲಿ ಚರ್ಮದ ಚೆಂಡು ಒಂದೂ ಇರಲಿಲ್ಲ.

* * *

ಯಂತ್ರದ ಪಕ್ಕ ಕಬ್ಬಿಣದ ಚೌಕಟ್ಟಿನ ಬಲೆಯೊಂದು ನಿಂತಿತ್ತು. ಅಭ್ಯಾಸಕ್ಕೆ ಚೆಂಡೆಸೆಯುವವನು ಅದರ ಮರೆಯಲ್ಲಿ ನಿಲ್ಲುತ್ತಾನೆ. ಬಲೆಯ ಒಂದು ಬದಿ ಆಳೆತ್ತರ, ಇನ್ನೊಂದು ಬದಿ ಸೊಂಟದ ಮಟ್ಟಕ್ಕೆ ತಗ್ಗು. ಆ ತಗ್ಗಿನ ಮೇಲಿಂದ ಕೈ ಬೀಸಬೇಕು.

"ಇಲ್ಲಿ ಕೊನೇ ಸಲ ಎಸೆದೋರು ಯಾರು?" ಎಂದು ಒಡೆಸ್ಸಾ ಕೇಳಿದಳು.

"ನಾನೇ. ನಿನ್ನೆ ಸಂಜೆ."

"ಬನ್ನಿ, ನಿಂತು ತೋರಿಸಿ."

ಬಕ್ ಬಲೆಯ ಹಿಂದೆ ನಿಂತ. ಬಲಗೈ ಎತ್ತಿದ. ಕೈ ಸೀದಾ ಎತ್ತರದ ಬದಿಗೆ ತಾಗಿತು. ಅವನು ಹುಬ್ಬು ಗಂಟಿಕ್ಕಿದ.

"ಇದನ್ನ ಯಾರೋ ತಿರುಗಿಸಿದ್ದಾರೆ. ತಗ್ಗು ಎಡಗಡೆಗೆ ಬಂದಿದೆ."

"ಎಡಗೈನೋರಿಗೆ."

ಬಕ್ ಮುಖ ಬಿಳಚಿಕೊಂಡಿತು. "ಈ ತಂಡದಲ್ಲಿ ಈಗ ಎಡಗೈಯಲ್ಲಿ ಚೆಂಡೆಸೆಯೋ ಪಿಚರ್ ಒಬ್ಬನೇ. ಅಮೌರಿಸ್. ಆದ್ರೆ ಮೇಡಂ, ಆ ಹುಡುಗ..."

"ಆ ಹುಡುಗ ಏನು?"

ಬಕ್ ಹೇಳಬೇಕಾಗಿ ಬಂತು. ಅಮೌರಿಸ್ ಪೆಗೇರೊ ಡೊಮಿನಿಕನ್ ಹುಡುಗ. ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಚೆಂಡು ಬಿಟ್ಟರೆ ಶಿಳ್ಳೆ ಹೊಡೆದ ಹಾಗೆ ಸದ್ದು. ಆದರೆ ಈಚೆಗೆ ವೇಗ ಇಳಿದಿತ್ತು. ಶನಿವಾರದ ಆಟ ಮುಗಿದ ಮೇಲೆ ಹಾರ್ಲನ್ ಎಲ್ಲರೆದುರೇ ಅವನಿಗೆ ಉಗಿದಿದ್ದ. ನಿನ್ನ ತೋಳಿಗೆ ಏನೂ ಆಗಿಲ್ಲ, ನಿನ್ನ ಎದೆಯಲ್ಲಿ ಗುಂಡಿಗೆ ಇಲ್ಲ, ನೀನೊಬ್ಬ ಪುಕ್ಕಲ ಎಂದಿದ್ದ. ಹುಡುಗ ಗ್ಲೌಸನ್ನು ಗೋಡೆಗೆ ಬೀಸಿ ಒಗೆದು, ನಿನ್ನನ್ನ ಮುಗಿಸಿಬಿಡ್ತೀನಿ ಎಂದು ಕಿರುಚಿದ್ದ.

"ಬಾಯಿಮಾತು ಮೇಡಂ. ಹುಡುಗರು ಹಾಗೇ."

ಕೋಲ್ಬಿ ಆಗಲೇ ಜೀಪಿನತ್ತ ಹೊರಟಿದ್ದ.

* * *

ಅಮೌರಿಸ್ ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಕ್ಕಿದ. ಅಲ್ಲಿ ಅವನ ಜೊತೆ ವೆಂಡೆಲ್ ಸ್ಪ್ರಾಟ್ ಇದ್ದ. ವೆಂಡೆಲ್ ತಂಡದ ಬಟ್ಟೆ, ಊಟ, ಸಾಮಾನು ಎಲ್ಲ ನೋಡಿಕೊಳ್ಳುವವನು. ನಲವತ್ತರ ಆಸುಪಾಸು. ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅದನ್ನು ಹೊಟ್ಟೆಗೆ ಒತ್ತಿಕೊಂಡೇ ಓಡಾಡುತ್ತಿದ್ದ. ಒಂದು ಕಾಲಕ್ಕೆ ಇದೇ ಮೈದಾನದ ದೊಡ್ಡ ಪಿಚರ್ ಅವನು. ಭುಜದ ಸ್ನಾಯು ಹರಿದು ಆಟ ಮುಗಿದಿತ್ತು.

ಮೇಜಿನ ಮೇಲೆ ಹೊಸ ಚೆಂಡುಗಳ ರಾಶಿ, ಪಕ್ಕದಲ್ಲಿ ಕೆಸರಿನ ಡಬ್ಬ.

"ಹೊಸ ಚೆಂಡಿಗೆ ಯಾಕಪ್ಪಾ ಮಣ್ಣು ಹಚ್ತೀಯ?" ಎಂದು ಕೋಲ್ಬಿ ಕೇಳಿದ.

"ಮಿರಮಿರ ಮಿಂಚ್ತಾ ಇರುತ್ತೆ ಸಾರ್, ಕೈಯಲ್ಲಿ ನಿಲ್ಲಲ್ಲ. ಹೊಳಪು ಹೋಗ್ಲಿ ಅಂತ ಈ ಕೆಸರು ಸವರೋದು. ಈ ಡಬ್ಬ ಬೇರೆ ಯಾರೂ ಮುಟ್ಟೋ ಹಾಗಿಲ್ಲ."

"ಹಳೇ ಚೆಂಡಿಗೂ ಹಚ್ತೀಯಾ?"

ವೆಂಡೆಲ್ ನಕ್ಕ. "ಹಳೇ ಚೆಂಡಿಗೆ ಎಲ್ಲಾದ್ರೂ ಉಂಟಾ ಸಾರ್? ಅದು ಆಗಲೇ ಕೊಳೆ."

ಅಮೌರಿಸ್‌ನನ್ನು ಕರೆದುಕೊಂಡು ಹೊರಟರು. ಅವನು ಬಾಗಿಲ ಬಳಿ ವೆಂಡೆಲ್ ಕಡೆ ಒಮ್ಮೆ ತಿರುಗಿ ನೋಡಿದ. ವೆಂಡೆಲ್ ಕಣ್ಣು ತಗ್ಗಿಸಿದ.

* * *

ಠಾಣೆಯಲ್ಲಿ ಪ್ರಶ್ನೆಗಳು ಗೋಡೆಗೆ ಬಡಿದ ಹಾಗಾದವು.

"ಬೆಳಿಗ್ಗೆ ಎಲ್ಲಿದ್ದೆ?"

"ರೂಮಲ್ಲಿ."

"ಯಾರಾದ್ರೂ ನೋಡಿದಾರಾ?"

"ಇಲ್ಲ."

"ನೀನೇ ಹೊಡೆದ್ಯಾ?"

"ಇಲ್ಲ."

ಒಡೆಸ್ಸಾ ನೀರು ಕೊಟ್ಟಳು. ಹುಡುಗ ಬಲಗೈಯಲ್ಲಿ ತೆಗೆದುಕೊಂಡ. ಬಿಸ್ಕತ್ತು ಮುಂದೆ ತಳ್ಳಿದಳು. ಅದಕ್ಕೂ ಬಲಗೈಯೇ ಬಂತು. ಎಡಗೈ ಮೇಜಿನ ಕೆಳಗೇ ಇತ್ತು.

"ಸೆಕೆ ಆಗ್ತಿದೆ," ಎಂದಳು. "ಆ ಫ್ಯಾನಿನ ದಾರ ಎಳಿ."

ಅವನು ಎದ್ದು ಬಲಗೈ ಚಾಚಿದ.

"ಎಡಗೈಯಲ್ಲಿ ಎಳಿ."

ಹುಡುಗ ನಿಂತಲ್ಲೇ ನಿಂತ. ಹಲ್ಲು ಕಚ್ಚಿ ಎಡಗೈ ಎತ್ತಿದ. ಮೊಣಕೈ ನೆಟ್ಟಗಾಗಲಿಲ್ಲ. ತುಟಿಯ ಮೇಲೆ ಬೆವರು ಒಡೆಯಿತು. ಒಡೆಸ್ಸಾ ಹತ್ತಿರ ಹೋಗಿ ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು. ಮೊಣಕೈ ಹಣ್ಣಿನ ಹಾಗೆ ಊದಿತ್ತು.

"ಈ ಕೈಯಲ್ಲಿ ನೀನು ನಿಂಬೆಹಣ್ಣೂ ಎಸೆಯೋಕೆ ಆಗಲ್ಲ. ಯಾಕೆ ಹೇಳಲಿಲ್ಲ? ಇಷ್ಟು ಹೇಳಿದ್ರೆ ನಿನ್ನನ್ನ ಆಗಲೇ ಬಿಡ್ತಿದ್ದೆ."

ಹುಡುಗ ತೋಳಿನ ಬಟ್ಟೆ ಕೆಳಕ್ಕೆಳೆದುಕೊಂಡ.

"ಯಾರಿಗೂ ಹೇಳ್ಬೇಡಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ. ಕೊಲೆ ಕೇಸಾದ್ರೆ ವಕೀಲ ಸಿಗ್ತಾನೆ. ತೋಳು ಹೋಯ್ತು ಅಂದ್ರೆ ಯಾರೂ ಸಿಗಲ್ಲ."

"ಹಾರ್ಲನ್‌ಗೆ ಗೊತ್ತಿತ್ತಾ?"

"ಅವನಿಗೆ ಮಾತ್ರ ಹೇಳಿದ್ದೆ. ಬಾಯಿ ಮುಚ್ಕೊಂಡು ಎಸಿ ಅಂದ. ಡಾಕ್ಟರ್ ಹತ್ರ ಹೋದ್ರೆ ಮನೆಗೆ ಟಿಕೆಟ್ಟು ಅಂದ. ನನ್ನನ್ನ ಆರಿಸಿದ್ದೇ ಅವನು. ನಾನು ಕೆಟ್ಟೋದ್ರೆ ಅವನ ಹೆಸರೂ ಕೆಡುತ್ತಲ್ಲ. ಆಮೇಲೆ ಎಲ್ಲರ ಮುಂದೆ ಪುಕ್ಕಲ ಅಂದ."

ಸತ್ತವನ ಮೇಲೆ ಒಡೆಸ್ಸಾಳಿಗೆ ಮೊದಲ ಸಲ ಸಿಟ್ಟು ಬಂತು. ಆದರೂ ಕೊಲೆ ಕೊಲೆಯೇ.

"ವೆಂಡೆಲ್‌ಗೆ ಗೊತ್ತಿತ್ತಾ?"

"ನಾನು ಹೇಳಿಲ್ಲ," ಎಂದ ಅಮೌರಿಸ್. "ಅಂಗಿ ಬಿಚ್ಚೋವಾಗ ಅವನೇ ನೋಡಿದ. ಏನೂ ಅನ್ನಲಿಲ್ಲ. ಗೋಡೆ ಕಡೆ ತಿರುಗಿ ನಿಂತ."

* * *

ಒಡೆಸ್ಸಾ ಮತ್ತೆ ಮೈದಾನಕ್ಕೆ ಬಂದಳು. ಚರ್ಮದ ಚೆಂಡನ್ನು ಬಚ್ಚಿಡಬೇಕಾದರೆ ಎಲ್ಲಿಡುತ್ತಾರೆ? ನೂರಾರು ಚೆಂಡುಗಳ ನಡುವೆ. ಅಭ್ಯಾಸದ ಹಳೆಯ ಚೆಂಡುಗಳ ಬುಟ್ಟಿಗಳನ್ನು ಒಂದೊಂದಾಗಿ ಬಕ್‌ನ ಮುಂದೆ ಸುರಿಸಿದಳು. ಎಲ್ಲವೂ ಸವೆದು ಬೂದುಬಣ್ಣಕ್ಕೆ ತಿರುಗಿದ್ದವು. ಒಂದರ ಮೇಲೆ ಮಾತ್ರ ಹೊಸ ಕೆಸರು, ಹೊಲಿಗೆಯ ಸಂದಿಗೂ ಒತ್ತಿ ಮೆತ್ತಿತ್ತು. ಅದನ್ನು ಚೀಲಕ್ಕೆ ಹಾಕಿ ಕೋಲ್ಬಿಯ ಕೈಗೆ ಕೊಟ್ಟು ಪ್ರಯೋಗಾಲಯಕ್ಕೆ ಓಡಿಸಿದಳು.

ಆಮೇಲೆ ಶೆಡ್ಡಿಗೆ ಹೋಗಿ, ಹಾರ್ಲನ್ ಕೂರುತ್ತಿದ್ದ ಜಾಗದ ಹಿಂದೆ ನೇತಾಡುತ್ತಿದ್ದ ದಪ್ಪ ಟಾರ್ಪಾಲನ್ನು ಮೇಲಿನಿಂದ ಕೆಳಗೆ ಕೈಯಾಡಿಸಿ ನೋಡಿದಳು. ಒಂದು ಕಡೆ ಕೈ ನಿಂತಿತು.

"ಬಕ್, ವೆಂಡೆಲ್‌ಗೂ ಹಾರ್ಲನ್‌ಗೂ ಹಳೇದೇನಾದ್ರೂ ಇತ್ತಾ?"

ಬಕ್ ಆ ಟಾರ್ಪಾಲಿನ ಕಡೆ ನೋಡಿದ.

"ವೆಂಡೆಲ್‌ನ ಆರಿಸಿದ್ದೂ ಹಾರ್ಲನ್ನೇ," ಎಂದ.

* * *

ಪ್ರಯೋಗಾಲಯದಿಂದ ಫೋನು ಬಂದ ಮಧ್ಯಾಹ್ನ ಒಡೆಸ್ಸಾ ಬಟ್ಟೆ ಒಗೆಯುವ ಕೋಣೆಗೆ ಕಾಲಿಟ್ಟಳು. ಬಕ್ ಬಾಗಿಲಲ್ಲಿ ನಿಂತ, ಕೋಲ್ಬಿ ಅವನ ಹಿಂದೆ. ವೆಂಡೆಲ್ ಅಂಗಿಗಳನ್ನು ಮಡಿಸುತ್ತಿದ್ದ.

"ಹೊಲಿಗೆಯ ಸಂದಿಯಲ್ಲಿ ಹಾರ್ಲನ್ ರಕ್ತ ಸಿಕ್ತು ವೆಂಡೆಲ್. ಮೇಲೆ ನಿನ್ನ ಡಬ್ಬದ ಕೆಸರು. ಹಳೇ ಚೆಂಡಿಗೆ ಕೆಸರು ಹಚ್ಚಲ್ಲ ಅಂತ ನೀನೇ ಹೇಳಿದ್ದೆ."

ವೆಂಡೆಲ್ ಮಡಿಸುವುದನ್ನು ನಿಲ್ಲಿಸಲಿಲ್ಲ. "ಈ ಕೈ ನೋಡಿ ಮೇಡಂ. ಇದರಲ್ಲಿ ನಾನು ತಲೆ ಬಾಚ್ಕೊಳ್ಳೋಕೂ ಆಗಲ್ಲ."

"ಎಲ್ಲರೂ ಆ ಕೈಯನ್ನೇ ನೋಡಿದ್ರು. ಅಯ್ಯೋ ಪಾಪ ಅಂದ್ರು. ನಾನೂ ಅಂದೆ. ಆದ್ರೆ ಹಾರ್ಲನ್ ಹಿಂದಿನ ಟಾರ್ಪಾಲ್ ಒಂದೇ ಜಾಗದಲ್ಲಿ ಸವೆದು ಹೋಗಿದೆ. ಅಂಗೈಯಗಲ. ಬಕೆಟ್ ಮೇಲೆ ಕೂತವನ ತಲೆ ಎಷ್ಟೆತ್ತರಕ್ಕೆ ಬರುತ್ತೋ ಅಷ್ಟೇ ಎತ್ತರದಲ್ಲಿ. ಯಾರೋ ವರ್ಷಗಟ್ಟಲೆ ಅಲ್ಲಿಗೇ ಗುರಿಯಿಟ್ಟು ಎಸೆದಿದ್ದಾರೆ. ಶೆಡ್ಡಿನ ಬೀಗದ ಕೈ ಇರೋದು ಇಬ್ಬರ ಹತ್ರ. ಬಕ್ ಬಲಗೈನೋರು. ನೀನು ಬಲೆ ತಿರುಗಿಸಿದೆ, ಎಸೆದೆ, ಯಂತ್ರ ಹಾಕಿದೆ, ಪ್ಲಾಸ್ಟಿಕ್ ಚೆಂಡು ಚೆಲ್ಲಿದೆ, ನಿನ್ನ ಚೆಂಡು ಎತ್ಕೊಂಡೆ. ಬಲೆ ಮತ್ತೆ ತಿರುಗಿಸೋದು ಮರೆತೆ. ಎಡಗೈ ಅಷ್ಟು ರೂಢಿಯಾಗಿಬಿಟ್ಟಿತ್ತು ನಿನಗೆ."

ವೆಂಡೆಲ್ ಕೈಯಲ್ಲಿದ್ದ ಅಂಗಿ ಕೆಳಗಿಟ್ಟ. ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನದ ಹೊರೆ ಇಳಿಸಿದವನ ಹಾಗಿದ್ದ.

"ಭುಜ ಸುಡ್ತಾ ಇದೆ ಅಂತ ನಾನೂ ಅವನಿಗೆ ಹೇಳಿದ್ದೆ," ಎಂದ. "ಎಸಿ ಅಂದ. ಎಸೆದೆ. ಆಟದ ಮಧ್ಯೆ ತೋಳು ಹರೀತು. ಆ ಸದ್ದು ನನಗೆ ಕೇಳಿಸ್ತು ಮೇಡಂ. ಅದನ್ನಾದ್ರೂ ಕ್ಷಮಿಸ್ತಿದ್ದೆ. ಆದ್ರೆ ಅವನು ಎಲ್ಲಾ ತಂಡದೋರಿಗೂ ಹೇಳ್ಕೊಂಡು ಬಂದ, ತೋಳು ಚೆನ್ನಾಗಿತ್ತು, ಹುಡುಗನೇ ಪುಕ್ಕಲ ಅಂತ. ನಮ್ಮಪ್ಪ ಸಾಯೋ ತನಕ ಅದನ್ನೇ ನಂಬಿದ್ದ."

"ಅದಕ್ಕೆ ಎಡಗೈ ಕಲಿತೆ."

"ಮೊದಲು ಸುಮ್ಮನೆ ಹಟಕ್ಕೆ. ಆಮೇಲೆ ಅವನಿಗೋಸ್ಕರ. ಪ್ರತಿ ಬೇಸಿಗೆ ಬಂದು ಅದೇ ಬಕೆಟ್ ಮೇಲೆ ಕೂತು ಕಾಫಿ ಕುಡೀತಿದ್ದ. ನನ್ನ ಹೆಸರೂ ನೆನಪಿಲ್ಲ ಅವನಿಗೆ. ಏ ಬಟ್ಟೆಯವನೇ ಅಂತಿದ್ದ. ಹೊಡೀಬೇಕು ಅಂತ ಅಂದ್ಕೊಳ್ಳೋದು, ಕೈ ನಡುಗೋದು. ಶನಿವಾರ ಆ ಹುಡುಗನಿಗೂ ಅದೇ ಮಾತು ಅಂದ ನೋಡಿ. ಅಕ್ಷರ ಬದಲಾಗಿರಲಿಲ್ಲ. ಆವತ್ತಿಂದ ಕೈ ನಡುಗಲಿಲ್ಲ."

"ಅವನು ನಿನ್ನನ್ನ ನೋಡಿದ್ನಾ?"

"ನೋಡ್ಲಿ ಅಂತಲೇ ಹೆಸರು ಹಿಡಿದು ಕೂಗಿದೆ. ತಲೆ ಎತ್ತಿದ. ಎಡಗೈಯಲ್ಲಿ ಚೆಂಡು ಕಾಣಿಸ್ತು. ಒಂದೇ ಮಾತು ಅಂದ. ‘ಎಡಗೈಯಾ?’ ಅಂದ. ಆಗಲೂ ನನ್ನ ತೋಳು ಅಳೀತಾ ಇದ್ದ ಮೇಡಂ. ಕೊನೇ ಗಳಿಗೆಯಲ್ಲೂ ಅಳೀತಾ ಇದ್ದ. ಸರಿ, ಅಳಿ ಅಂತ ಚೆಂಡು ಬಿಟ್ಟೆ."

ಬಕ್ ಗೋಡೆಗೆ ಒರಗಿಕೊಂಡ. ಕೋಲ್ಬಿ ಬೇಡಿ ಹೊರತೆಗೆದ.

* * *

ಠಾಣೆಯ ಮೆಟ್ಟಿಲ ಮೇಲೆ ಇಬ್ಬರೂ ಎದುರಾದರು. ವೆಂಡೆಲ್ ಒಳಗೆ ಬರುತ್ತಿದ್ದ, ಬೇಡಿ ಹಾಕಿಸಿಕೊಂಡು. ಅಮೌರಿಸ್ ಹೇಳಿಕೆಗೆ ಸಹಿ ಹಾಕಿ ಹೊರಗೆ ಹೋಗುತ್ತಿದ್ದ. ಹುಡುಗನ ಮೊಣಕೈಯ ವಿಷಯ ಆಗಲೇ ತಂಡದ ಡಾಕ್ಟರ್‌ಗೆ ಮುಟ್ಟಿತ್ತು. ಮುಚ್ಚಿಡಲು ಒಡೆಸ್ಸಾಳಿಗೂ ದಾರಿ ಇರಲಿಲ್ಲ.

"ನಿನಗೋಸ್ಕರಾನೂ ಹೊಡೆದೆ ಕಣೋ," ಎಂದ ವೆಂಡೆಲ್.

ಅಮೌರಿಸ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ನನ್ನನ್ನ ಇವರು ಎಳ್ಕೊಂಡು ಬಂದಾಗ ನೀನು ಅಲ್ಲೇ ನಿಂತಿದ್ದೆ. ನನ್ನ ಕೈ ಎತ್ತೋಕಾಗಲ್ಲ ಅಂತ ನಿನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ. ಹಾರ್ಲನ್ ಕೂಡ ಹೇಳಲಿಲ್ಲ."

ಬಟ್ಟೆ ಒಗೆಯುವ ಕೋಣೆಯಲ್ಲಿ ಇಲ್ಲದಿದ್ದ ಹೆದರಿಕೆ ಈಗ ವೆಂಡೆಲ್ ಮುಖಕ್ಕೆ ಬಂತು. ಕೋಲ್ಬಿ ಭುಜ ಹಿಡಿದು ತಳ್ಳುವವರೆಗೂ ಅವನು ಮೆಟ್ಟಿಲು ಹತ್ತಲಿಲ್ಲ.

ಅಮೌರಿಸ್ ಹಿಂದಿರುಗಿ ನೋಡದೆ ಇಳಿದು ಹೋದ.