ನೊಯೆಮಿಯ ಸಾಕ್ಷಿ

"ಇವತ್ತೂ ಲೇಟು," ಅಂದಳು ನೊಯೆಮಿ, ಕಿಟಕಿಯಿಂದ ಮುಖ ತಿರುಗಿಸದೆ.

"ನಾಲ್ಕೇ ನಿಮಿಷ ರೀ. ಗಡಿಯಾರ ನೋಡ್ಕೊಂಡು ಕೂತಿದ್ರಾ?"

"ನಿಮಗಲ್ಲ, ತಮಾಲೆಗೆ ಕಾಯ್ತಿದ್ದೆ."

ಎಫ್ರಾಯಿನ್ ನಕ್ಕ. ನಗುವಾಗ ಅವನ ಕೆಳತುಟಿ ಒಂದು ಕಡೆಗೆ ಜಾರುತ್ತಿತ್ತು. ಅದನ್ನು ನೋಡಿಯೂ ನೋಡದ ಹಾಗೆ ಅವಳು ಜೋಳದ ಕಡುಬಿನ ಆ ಬಿಸಿ ಪೊಟ್ಟಣ ಬಿಚ್ಚಿದಳು.

ಮೂರು ತಿಂಗಳ ಹಿಂದೆ ಅಮೆರಿಕದ ಟೂಸಾನ್‌ನ ಮಾರ್ಕೆಟ್ ಹತ್ತಿರ ರಸ್ತೆ ದಾಟುವಾಗ ಬಿಳಿ ಟ್ರಕ್ಕೊಂದು ಅವಳ ಸೊಂಟ ಮುರಿದು ಪರಾರಿಯಾಗಿತ್ತು. ಓಡಿಬಂದು ಆಂಬುಲೆನ್ಸ್ ಕರೆದವನು ಇವನು. ಅಂದಿನಿಂದ ಪ್ರತಿ ಗುರುವಾರ ತಪ್ಪದೆ ಬರುತ್ತಿದ್ದ.

ಇನ್ನೊಂದೂ ತಪ್ಪದೆ ಬರುತ್ತಿತ್ತು. ಅವನು ಮೆಟ್ಟಿಲು ಹತ್ತಿದ ಸ್ವಲ್ಪ ಹೊತ್ತಿಗೆ ಎದುರು ಮರದ ಕೆಳಗೆ ಕಪ್ಪು ಗಾಜಿನ ಕಾರೊಂದು ಬಂದು ನಿಲ್ಲುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ. ಎಂಜಿನ್ ಮಾತ್ರ ಗುರುಗುಡುತ್ತಿತ್ತು.

"ನನ್ನ ಲಾಯರ್ ಲೆಡೆಸ್ಮಾ ಮೇಡಂ ಫೋನ್ ಮಾಡಿದ್ರು," ಅಂದಳು ನೊಯೆಮಿ. "ಟ್ರಕ್ ನೋಡಿದವರು ಒಬ್ಬರಾದ್ರೂ ಸಿಗದಿದ್ರೆ ಕೇಸು ನಿಲ್ಲಲ್ವಂತೆ. ನೀವು ನಿಜವಾಗ್ಲೂ ನಂಬರ್ ನೋಡ್ಲಿಲ್ವಾ?"

ಅವನ ಕೈಯಲ್ಲಿದ್ದ ಲೋಟ ಮೇಜಿಗೆ ಬಡಿಯಿತು. ಕೆಳಗೆ ಹಾರ್ನ್ ಒಮ್ಮೆ ಉದ್ದಕ್ಕೆ ಕೂಗಿತು.

"ಯಾರದು?"

"ನನ್ನ ಅಕ್ಕನ ಗಂಡ, ರೊಗೆಲಿಯೊ." "ನಂಬರ್ ನನಗೆ ಬಾಯಿಪಾಠ. ಆ ಟ್ರಕ್ ಓಡಿಸ್ತಿದ್ದವನು ಅವನೇ, ಪಕ್ಕದಲ್ಲಿ ಕೂತಿದ್ದವನು ನಾನು. ನಮಗೆ ಕೆಂಪು ದೀಪ ಇತ್ತು. ನಿಲ್ಸು ಅಂದೆ, ನಿಲ್ಲಿಸ್ಲಿಲ್ಲ. ತಿರುವಿನಲ್ಲಿ ಬಾಗಿಲು ತೆಗೆದು ಹಾರಿದೆ. ಬಾಯಿ ಬಿಟ್ರೆ ಅಕ್ಕನ್ನ ಬೀದಿಗೆ ಹಾಕ್ತೀನಿ ಅಂದಿದಾನೆ."

ತುತ್ತು ನೊಯೆಮಿಯ ಕೈಯಲ್ಲೇ ಉಳಿಯಿತು. "ಹಾಗಾದ್ರೆ ಈ ಗುರುವಾರಗಳೆಲ್ಲ? ಪಾಪ ತೊಳ್ಕೊಳ್ಳೋಕಾ?"

ಅವಳು ಪೊಟ್ಟಣವನ್ನು ಅವನತ್ತ ತಳ್ಳಿದಳು.

"ಹೋಗಿ," ಅಂದಳು. ಹೋದ.

ಮಾರನೇ ದಿನವೇ ಅವನು ಲೆಡೆಸ್ಮಾ ಮೇಡಂಗೆ ಎಲ್ಲವನ್ನೂ ಬರೆದುಕೊಟ್ಟನೆಂದು ಅವಳಿಗೆ ಗೊತ್ತಾದದ್ದು ಮೇಡಂ ಹೇಳಿದ ಮೇಲೆ. ಆಮೇಲೆ ಎರಡು ತಿಂಗಳು ಅವನು ಬರಲಿಲ್ಲ. ಕಾರು ಬರುತ್ತಲೇ ಇತ್ತು; ಪ್ರಮಾಣ ಮಾಡಿ ಹೇಳುವ ಮುನ್ನ ಅವನು ಹೆದರಿ ಹಿಂದೆಗೆಯುತ್ತಾನೆಂದು ರೊಗೆಲಿಯೊ ಕಾದಿದ್ದ.

ಕೋರ್ಟಿಗೆ ಮುಂಚೆ ಪ್ರಮಾಣ ಮಾಡಿ ಕೊಡುವ ಸಾಕ್ಷಿ ಹೇಳಿಕೆಯ ದಿನ ಲಾಯರ್ ಆಫೀಸಿನ ಉದ್ದ ಮೇಜಿನಾಚೆ ರೊಗೆಲಿಯೊ ನೆಟಿಗೆ ಮುರಿಯುತ್ತ ಕೂತಿದ್ದ. ಅವನ ಲಾಯರ್ ಎಫ್ರಾಯಿನ್‌ನನ್ನು ಮೆಲ್ಲಗೆ ಕೇಳಿದ: "ವಾರವಾರ ಈಕೆ ಮನೆಗೆ ಹೋಗ್ತಿದ್ರಂತೆ. ಈಕೆ ನಿಮಗೇನಾಗಬೇಕು?"

ಏನೂ ಇಲ್ಲ ಅಂದರೆ ಸಾಕ್ಷಿ ಗಟ್ಟಿ. ಬೇರೇನು ಅಂದರೂ ಪ್ರಿಯಕರ ಕಟ್ಟಿದ ಕಥೆ ಅನ್ನುತ್ತಾರೆ. ನೊಯೆಮಿ ಮನಸ್ಸಿನಲ್ಲೇ ಅಂದಳು: ಏನೂ ಇಲ್ಲ ಅನ್ನಿ, ಅಂದುಬಿಡಿ.

ಅವನು ಅವಳತ್ತ ನೋಡಿದ.

"ಸತ್ಯವನ್ನೇ ಹೇಳ್ತೀನಿ ಅಂತ ಈಗಷ್ಟೇ ಪ್ರಮಾಣ ಮಾಡಿದೀನಿ. ನಾನು ಈಕೆಯನ್ನ ಪ್ರೀತಿಸ್ತೀನಿ. ದೀಪ ಕೆಂಪಿತ್ತು. ಎರಡೂ ಬರ್ಕೊಳ್ಳಿ."

ಹೇಳಿಕೆ ಟೈಪ್ ಮಾಡುತ್ತಿದ್ದವಳ ಬೆರಳುಗಳು ಒಂದು ಗಳಿಗೆ ನಿಂತವು. ರೊಗೆಲಿಯೊ ಕುರ್ಚಿ ತಳ್ಳಿ ಎದ್ದ. "ನಿನ್ನ ಅಕ್ಕನಿಗೆ ಇವತ್ತೇ ಇದೆ," ಎಂದವನೇ ಹೊರನಡೆದ.

ಹೊರಗೆ ಎಫ್ರಾಯಿನ್ ಗೋಡೆಗೊರಗಿ ನಿಂತ. "ಕೇಸು ಕೆಡಿಸಿಬಿಟ್ಟೆ, ಅಲ್ವಾ?"

"ಅದಿರಲಿ. ಮೊದಲು ಅಕ್ಕನಿಗೆ ಫೋನ್ ಮಾಡೋ," ಅಂದಳು. ಮೊದಲ ಸಲ ಏಕವಚನ.

ರಿಂಗಾಯಿತು. ಮತ್ತೆ ರಿಂಗಾಯಿತು. ಕೊನೆಗೆ ಅಕ್ಕ ಎತ್ತಿದಳು.

"ಅವನು ಲಾಯರ್ ಹತ್ರ ಅಂತ ಈ ಕಡೆ ಹೊರಟ, ನಾನು ಮನೆ ಬಿಟ್ಟು ಆ ಕಡೆ ಹೊರಟೆ ಕಣೋ. ಬಸ್ ಸ್ಟಾಪಲ್ಲಿದೀನಿ. ಎಲ್ಲಿಗೆ ಬರ್ಲಿ?"

ನೊಯೆಮಿ ಫೋನ್ ಇಸಿದುಕೊಂಡಳು. ರೊಗೆಲಿಯೊಗೂ ಗೊತ್ತಿದ್ದ ತನ್ನ ವಿಳಾಸವನ್ನೇ, ಒಂದಕ್ಷರವೂ ತಪ್ಪದ ಹಾಗೆ, ನಿಧಾನವಾಗಿ ಹೇಳತೊಡಗಿದಳು.