ಹೊಳೆ ದಾಟಿ ಬಂದ ಕೋಣ

ಮಾವನನ್ನು ಮಣ್ಣು ಮಾಡಿದ ದಿನ ಫ್ಲೋರಿಂದು ಕಟ್ಟಿದ್ದು ಒಂದು ಆಡು. ಹೆಣ್ಣು ತಂದವರು ಹೆಣ್ಣು ಕೊಟ್ಟ ಮನೆಯ ಸಾವಿಗೆ ಕೋಣ ಕಟ್ಟಬೇಕು. ಮಲಿಯಾನಾ ಊರಿನ ಸುತ್ತಿನ ಗುಡ್ಡಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಉಳಿದ ಅಳಿಯಂದಿರ ಕೋಣಗಳ ಪಕ್ಕದಲ್ಲಿ ಆಡು ಅರಚುತ್ತಿದ್ದಾಗ ಭಾವಮೈದ ಲೆಕಿ ಅಡಿಕೆ ಜಗಿಯುತ್ತ, "ಭಾವ, ನಿಮ್ಮ ಕೋಣ ಮ್ಯಾ ಅಂತಿದೆಯಲ್ಲ, ಹುಷಾರಿಲ್ವಾ ಅದಕ್ಕೆ?" ಎಂದ. ಅಂಗಳವೆಲ್ಲ ನಕ್ಕಿತು. ನಗದೆ ಉಳಿದವಳು ಹೆಂಡತಿ ಒಲಾಂದಿನಾ ಒಬ್ಬಳೇ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಆ ನಗುವಿಗಿಂತ ಆ ತಗ್ಗಿದ ತಲೆಯೇ ಅವನಿಗೆ ಹೆಚ್ಚು ಚುಚ್ಚಿತು. ವರ್ಷ ತುಂಬಿ ಎಲ್ಲರೂ ಸೂತಕದ ಕಪ್ಪು ಬಟ್ಟೆ ಕಳಚುವ ದಿನ ಅದೇ ಅಂಗಳಕ್ಕೆ ಮತ್ತೆ ಹೋಗಲೇಬೇಕಿತ್ತು.

ಫ್ಲೋರಿಂದು ಗಡಿ ಪೊಲೀಸ್. ಹೊಳೆಯ ಆಚೆ ದಂಡೆ ಇಂಡೊನೇಷ್ಯಾ, ಈಚೆ ದಂಡೆಯಲ್ಲಿ ಅವನ ಠಾಣೆ. ಶಾಲೆಗಳಿಗೆ ಹೋಗಿ, ಕದ್ದು ಸಾಗಿಸುವುದು ದೇಶಕ್ಕೆ ಮಾಡುವ ದ್ರೋಹ ಎಂದು ಮಕ್ಕಳಿಗೆ ಹೇಳುವ ಕೆಲಸವೂ ಅವನದೇ. ಕಪ್ಪು ಕಳಚುವ ದಿನಕ್ಕೆ ಇನ್ನೂ ಸಾಕಷ್ಟು ವಾರಗಳಿರುವಾಗ ಗಸ್ತಿನವರು ಹೊಳೆಯ ನಡುವೆ ಒಂದು ಕೋಣ ಹಿಡಿದರು. ಹೊಡೆದುಕೊಂಡು ಬರುತ್ತಿದ್ದವರು ಹಗ್ಗ ಬಿಟ್ಟು ಆಚೆ ದಂಡೆಗೆ ಓಡಿದ್ದರು. ಅಗಲವಾದ ಕೊಂಬು, ನುಣುಪು ಮೈ. ರೋಗ ತಂದಿರಬಹುದೆಂದು ಇಂಥ ಪ್ರಾಣಿಗಳನ್ನು ರಾಜಧಾನಿ ದಿಲಿಯಿಂದ ಪಶುವೈದ್ಯ ಬಂದು ಕೊಲ್ಲಿಸಿ ಹೂಳಿಸುತ್ತಾನೆ. ಹೇಗೂ ಗುಂಡಿಗೆ ಹೋಗುವ ಜೀವ ಎಂದುಕೊಂಡ ಫ್ಲೋರಿಂದು. ಹಾಗೆ ಅಂದುಕೊಂಡದ್ದಕ್ಕೇ ಅವನ ಕಿವಿ ಬಿಸಿಯಾಯಿತು. ಆದರೂ ಕೋಣವನ್ನು ಕೂಡಿಹಾಕಿದ್ದ ಠಾಣೆಯ ದೊಡ್ಡಿಯ ಬಿದಿರು ಗಳಗಳಲ್ಲಿ ಯಾವುದು ಸಡಿಲವೆಂದು ಕಣ್ಣು ಆಗಲೇ ಹುಡುಕುತ್ತಿತ್ತು.

ಅವನು ಭಾನುವಾರವನ್ನು ಆರಿಸಿದ. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಊರಿನ ಗಂಡಸರೆಲ್ಲ ಕೋಳಿ ಅಂಕಕ್ಕೆ ಹೋಗುತ್ತಾರೆ. ಅಂದು ದೊಡ್ಡಿಯ ಕಾವಲಿದ್ದ ಜೊತೆಯ ಪೊಲೀಸ್ ತುಬಿಯಾಸನೂ ತನ್ನ ಕೆಂಪು ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹೋಗದೆ ಇರುವವನಲ್ಲ. ಯೋಜನೆಯ ತಿರುಳೇ ಅದು. ಕಾವಲು ಬಿಟ್ಟು ಹೋಗಿದ್ದೆ ಎಂದು ತುಬಿಯಾಸ್ ಸತ್ತರೂ ಹೇಳುವುದಿಲ್ಲ. ಕೋಣ ತನ್ನ ಕಣ್ಣೆದುರೇ ಗಳ ಮುರಿದು ಹೊಳೆಗೆ ನುಗ್ಗಿತೆಂದು ಆಣೆ ಹಾಕುತ್ತಾನೆ. ಇನ್ನೊಬ್ಬನ ನಾಚಿಕೆಯ ಮೇಲೆ ನಿಂತ ಸಾಕ್ಷ್ಯದಷ್ಟು ಗಟ್ಟಿಯಾದದ್ದು ಬೇರೊಂದಿಲ್ಲವೆಂದು ಫ್ಲೋರಿಂದುವಿಗೆ ಚೆನ್ನಾಗಿ ತಿಳಿದಿತ್ತು, ಏಕೆಂದರೆ ಅವನೂ ಅಂಥದೇ ಒಂದು ನಾಚಿಕೆಯಿಂದ ಇಲ್ಲಿಗೆ ಬಂದು ನಿಂತಿದ್ದ.

ಗಳವನ್ನು ಒಳಗಿನಿಂದ ಹೊರಕ್ಕೆ ಮುರಿದ, ಪ್ರಾಣಿ ನುಗ್ಗಿದರೆ ಸಿಗಿಯುವ ಹಾಗೆ. ಹೆದರಿ ಓಡುವ ಕೋಣದ ಗೊರಸು ಮುಂದೆ ಆಳ, ಹಿಂದೆ ಜಾರು. ಆ ಗುರುತು ಮೂಡಲೆಂದು ಅದನ್ನು ಬಾರಿಸಿ ದಂಡೆಯವರೆಗೆ ಓಡಿಸಿದ. ಬೇಸಿಗೆಯ ಹೊಳೆ, ಮೊಣಕಾಲುದ್ದ ನೀರು. ನೀರಿನಲ್ಲೇ ಮೇಲ್ಮುಖವಾಗಿ ನಡೆಸಿ, ಬಂಡೆಗಳಿರುವ ಕಡೆ ಈಚೆ ದಂಡೆಗೇ ಹತ್ತಿಸಿ, ಗುಡ್ಡದ ಹಿಂದಿನ ಬಿದಿರು ಕೊರಕಲಿನಲ್ಲಿ ಕಟ್ಟಿದ. ಕಿವಿಯಲ್ಲಿದ್ದ ಒಡೆಯರ ಗುರುತಿನ ಸೀಳನ್ನು ಬೇರೆ ಆಕಾರಕ್ಕೆ ಕೊಯ್ದು, ಬೂದಿ ಮೆತ್ತಿ, ಗಾಯ ಮಾಯಲು ಬಿಟ್ಟ. ದನ ಗುರುತಿಸುವುದು ಕಿವಿಯಿಂದಲೇ ಎಂದು ತರಬೇತಿಯಲ್ಲಿ ಕಲಿತಿದ್ದ.

ಠಾಣೆಯ ಮುಖ್ಯಸ್ಥ ಅನ್ಸೆಲ್ಮು ತನಿಖೆಯನ್ನು ಅವನಿಗೇ ವಹಿಸಿದ. ಗಡಿಯಲ್ಲಿ ಅವನಷ್ಟು ನೇರ ಮನುಷ್ಯ ಇಲ್ಲವಂತೆ. ಫ್ಲೋರಿಂದು ತಾನೇ ಮೂಡಿಸಿದ ಗೊರಸಿನ ಗುರುತನ್ನು ಹಿಂಬಾಲಿಸಿ ಹೋಗಿ, ಕೋಣ ಬಂದ ದೇಶಕ್ಕೇ ಹೋಯಿತೆಂದು ವರದಿ ಕೊಟ್ಟ. ಬೆವರಿದ ತುಬಿಯಾಸ್ ಅವನ ಕೈ ಹಿಡಿದು, "ನನ್ನ ಮರ್ಯಾದೆ ಉಳಿಸಿದೆ ಅಣ್ಣಾ," ಎಂದ. ಅವನ ಮುಖ ನೋಡಲು ಫ್ಲೋರಿಂದುವಿಗೆ ಆಗಲಿಲ್ಲ.

ಕಪ್ಪು ಕಳಚುವ ದಿನ ಅವನು ಕೋಣವನ್ನು ಅಂಗಳಕ್ಕೆ ನಡೆಸಿ ತಂದ. ಅತಾಬಾಯೆ ಊರಿನ ಕಡೆಯ ಗೆಳೆಯ ಕೊಟ್ಟದ್ದು ಎಂದು ಮನೆಯಲ್ಲಿ ಹೇಳಿದ್ದ. ಲೆಕಿ ಎದ್ದು ಬಂದು ಹಗ್ಗ ಹಿಡಿದುಕೊಂಡು, "ಬನ್ನಿ ಭಾವ, ಚಾಪೆ ಮೇಲೆ ಬನ್ನಿ," ಎಂದು ಹಿರಿಯರ ಸಾಲಿಗೆ ಕರೆದೊಯ್ದ. ಅದೇ ಸಾಲಿನಲ್ಲಿ ಅನ್ಸೆಲ್ಮು ಕೂತಿದ್ದ; ಕೈಕೆಳಗಿನವನ ಮಾವನ ವರ್ಷದ ಕಾರ್ಯಕ್ಕೆ ಮೇಣದ ಬತ್ತಿ ತೆಗೆದುಕೊಂಡು ಬಂದಿದ್ದ. ಅಧಿಕಾರಿ ಕೋಣದ ಕಿವಿ ನೋಡಿ, ಬೇರೆಯದೇ ಗುರುತು ಕಂಡು ತಲೆದೂಗಿದಾಗ ಫ್ಲೋರಿಂದುವಿನ ಉಸಿರು ಹಗುರಾಯಿತು. ಕಪ್ಪು ಬಟ್ಟೆ ತೆಗೆದಿಟ್ಟ ಒಲಾಂದಿನಾ ತಲೆ ಎತ್ತಿ ನಿಂತಿದ್ದಳು.

ಅಷ್ಟರಲ್ಲಿ ಆಚೆ ದಂಡೆಯ ನೆಂಟರು ಗಡಿಚೀಟಿ ತೋರಿಸಿ ಬಂದು ಸೇರಿದರು. ಅವರಲ್ಲಿದ್ದ ಮಾವನ ತಂಗಿ, ಮುದುಕಿ ಬುಯಿ ಸೊಯಿ, ಯಾರನ್ನೂ ಮಾತಾಡಿಸದೆ ನೇರ ಕೋಣದ ಹತ್ತಿರ ಹೋದಳು. ಕಿವಿಯಲ್ಲಿ ಗುರುತು ಹುಡುಕಲಿಲ್ಲ; ಎಡ ಭುಜದ ಮೇಲಿದ್ದ ಜೋಡಿ ಕೂದಲ ಸುಳಿಯನ್ನು ಬೆರಳಿನಿಂದ ಸವರಿ, ಫ್ಲೋರಿಂದುವಿನ ಎರಡೂ ಕೈ ಹಿಡಿದುಕೊಂಡು, ಇಡೀ ಸಾಲಿಗೆ ಕೇಳುವ ಹಾಗೆ ಅತ್ತಳು: "ನಿನ್ನ ಹೆಂಡ್ತಿ ಬೇಡ್ಕೊಂಡ್ಳು ಅಂತ ನಿನ್ನ ಹೆಸರಲ್ಲಿ ಕಟ್ಟೋಕೆ ಇದನ್ನ ನಾನೇ ಕಳ್ಸಿದ್ದೆ ಕಣಪ್ಪಾ. ನಿಮ್ಮ ಠಾಣೆಯೋರು ಹಿಡ್ಕೊಂಡ್ರು ಅಂದಾಗ ಎದೆ ಒಡೆದುಹೋಗಿತ್ತು. ನೀನೇ ದೊಡ್ಡಿಯಿಂದ ಬಿಡಿಸ್ಕೊಂಡು ಬಂದ್ಯಲ್ಲ, ಅಷ್ಟು ಸಾಕು. ಆದ್ರೆ ಕಿವಿ ಯಾಕೋ ಕೊಯ್ದೆ, ಮಗಾ?"